ಗಾಡಿ ಅದುರಿದರೆ ಮೊದಲು ಎಂಜಿನ್ ಬಿಚ್ಚಿಸಬೇಡಿ

ಮಾನ್ಯ ಸಂಪಾದಕರೇ,

ಕೋಲಾರದಿಂದ ನರಸಾಪುರ, ವೇಮಗಲ್ ಕಾರ್ಖಾನೆಗಳಿಗೆ, ಮಾಲೂರು, ಹೊಸಕೋಟೆ ಕಡೆಗೆ ದಿನವೂ ಬೈಕಿನಲ್ಲಿ ಹೋಗಿ ಬರುವವರು ನೂರಾರು ಮಂದಿ. ನೂರು, ನೂರಿಪ್ಪತ್ತೈದು ಸಿಸಿ ಗಾಡಿಗಳೇ ಹೆಚ್ಚು. ಅವರ ದೂರೂ ಹೆಚ್ಚುಕಡಿಮೆ ಒಂದೇ: ‘ಐವತ್ತೈದು ದಾಟಿದರೆ ಹ್ಯಾಂಡಲ್ ಜುಮ್ ಅನ್ನುತ್ತೆ, ಅರ್ಧ ಗಂಟೆಗೆ ಕೈ ಜೋಮು ಹಿಡಿಯುತ್ತೆ, ಕನ್ನಡಿಯಲ್ಲಿ ಹಿಂದಿನ ಲಾರಿ ಎರಡಾಗಿ ಕಾಣುತ್ತೆ.’ ಇದಕ್ಕೆ ಊರಲ್ಲಿ ಸಿಗುವ ಉತ್ತರವೂ ಒಂದೇ: ‘ಎಂಜಿನ್ ಬಿಚ್ಚಿ ನೋಡಬೇಕು.’ ಎಂಜಿನ್ ಬಿಚ್ಚುವ ಮೊದಲು ನೋಡಬೇಕಾದ ಹತ್ತು ಜಾಗ ಹೊರಗೇ ಇವೆ. ಅವನ್ನು ನೋಡದೆ ಪಿಸ್ಟನ್ ಕಿಟ್ಟಿಗೆ ದುಡ್ಡು ಸುರಿದು, ಅದುರು ಹಾಗೇ ಉಳಿದ ಗಾಡಿಗಳು ಕಡಿಮೆಯೇನಲ್ಲ. ದ್ವಿಚಕ್ರ ವಾಹನ ದುರಸ್ತಿಯಲ್ಲೇ ಇರುವ ನಾವು ಈ ಬಗ್ಗೆ ನಿಮ್ಮ ಓದುಗರಿಗೆ ಕೆಲವು ಮಾತು ಹೇಳಬೇಕೆಂದು ಈ ಪತ್ರ ಬರೆಯುತ್ತಿದ್ದೇವೆ. ಸ್ವಲ್ಪ ಉದ್ದವಾದರೆ ಸೈರಿಸಿಕೊಳ್ಳಿ.

ಅದುರಿನಲ್ಲಿ ಎರಡು ಬಗೆ. ಒಂದು ಗಾಡಿಯ ಜೊತೆಗೇ ಹುಟ್ಟಿದ್ದು, ಇನ್ನೊಂದು ಆಮೇಲೆ ಬಂದು ಸೇರಿಕೊಂಡಿದ್ದು.

ಹುಟ್ಟಿನದು ಎಂದರೆ ಇದು. ಒಂದೇ ಸಿಲಿಂಡರಿನ ಎಂಜಿನ್ನಿನಲ್ಲಿ ಪಿಸ್ಟನ್ ಒಂದು ತುದಿಗೆ ಓಡಿ, ನಿಂತು, ಮತ್ತೆ ಹಿಂದಕ್ಕೆ ಓಡುತ್ತದೆ. ನಮ್ಮ ರಸ್ತೆಗಳಲ್ಲಿ ಅತಿ ಹೆಚ್ಚು ಕಾಣುವ 97.2 ಸಿಸಿ ಎಂಜಿನ್ನಿನ ಬೋರ್ (ಸಿಲಿಂಡರಿನ ಒಳ ಅಗಲ) 50 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 49.5 ಮಿ.ಮೀ. ನಾಲ್ಕನೇ ಗೇರಿನಲ್ಲಿ 60 ಕಿ.ಮೀ. ವೇಗಕ್ಕೆ ಅದರ ಕ್ರ್ಯಾಂಕು (ಪಿಸ್ಟನ್ನಿನ ಓಟವನ್ನು ತಿರುಗಾಟವಾಗಿಸುವ ಶಾಫ್ಟು) ನಿಮಿಷಕ್ಕೆ ಸುಮಾರು 6000 ಸುತ್ತು, ಅಂದರೆ ಸೆಕೆಂಡಿಗೆ 100 ಸುತ್ತು ಹಾಕುತ್ತದೆ. ಪಿಸ್ಟನ್, ಪಿನ್ನು, ರಿಂಗು ಸೇರಿ ಬರೀ 100 ಗ್ರಾಂ ಎಂದುಕೊಂಡರೂ ಆ ವೇಗದಲ್ಲಿ ಅದನ್ನು ತುದಿಯಲ್ಲಿ ನಿಲ್ಲಿಸಿ ತಿರುಗಿಸಲು ಬೇಕಾಗುವ ಬಲ ಸುಮಾರು 100 ಕೆ.ಜಿ. ತೂಕದಷ್ಟು. ಸೆಕೆಂಡಿಗೆ ನೂರು ಸಲ ಆ ಏಟು ಕ್ರ್ಯಾಂಕ್‌ಕೇಸಿಗೆ, ಅಲ್ಲಿಂದ ಚಾಸಿಗೆ (ಗಾಡಿಯ ಚೌಕಟ್ಟಿಗೆ) ಬೀಳುತ್ತದೆ. ಕ್ರ್ಯಾಂಕಿನ ಎದುರು ಬದಿಗೆ ತೂಕ ಇಟ್ಟು ಇದನ್ನು ತಗ್ಗಿಸುತ್ತಾರೆ, ಆದರೆ ಪೂರ್ತಿ ಸರಿದೂಗಿಸಲು ಬರುವುದಿಲ್ಲ. ಪಿಸ್ಟನ್ ಓಡುವ ದಿಕ್ಕಿನ ಅದುರನ್ನು ಪೂರ್ತಿ ಕೊಂದರೆ ಅಷ್ಟೇ ಅದುರು ಅಡ್ಡ ದಿಕ್ಕಿನಲ್ಲಿ ಹುಟ್ಟುತ್ತದೆ. ಹಾಗಾಗಿ ಸುಮಾರು ಅರ್ಧಕ್ಕೆ ರಾಜಿ. ಉಳಿದರ್ಧ ಹೋಗಬೇಕಾದರೆ ಕ್ರ್ಯಾಂಕಿನ ವೇಗದಲ್ಲೇ ಉಲ್ಟಾ ತಿರುಗುವ ಬ್ಯಾಲೆನ್ಸರ್ ಶಾಫ್ಟ್ ಬೇಕು. 2020ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಮೀಟಿಯರ್ 350ಕ್ಕೆ ಅದನ್ನು ಕೊಟ್ಟರು, ಹಳೆಯ 350ಗಳಿಗೂ ಅದಕ್ಕೂ ಅದುರಿನಲ್ಲಿರುವ ವ್ಯತ್ಯಾಸ ಕೂತ ಕೂಡಲೇ ಗೊತ್ತಾಗುತ್ತದೆ. ಕಡಿಮೆ ಬೆಲೆಯ ನೂರು ಸಿಸಿ ಗಾಡಿಯಲ್ಲಿ ಅದನ್ನು ನಿರೀಕ್ಷಿಸುವಂತಿಲ್ಲ. ಈ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: 3000 ಸುತ್ತಿನಲ್ಲಿ ಒಂದು ಪಾಲಿದ್ದರೆ 6000ಕ್ಕೆ ನಾಲ್ಕು ಪಾಲು. ನಲವತ್ತರಲ್ಲಿ ಸುಮ್ಮನಿದ್ದ ಗಾಡಿ ಅರವತ್ತಕ್ಕೆ ಜುಮ್ ಅನ್ನುವುದು ಇದರಿಂದಲೇ. ಹೊಸ ಗಾಡಿಯಲ್ಲೂ ಇಷ್ಟು ಇದ್ದೇ ಇರುತ್ತದೆ. ಇದಕ್ಕೆ ಮದ್ದು ಹುಡುಕಿಕೊಂಡು ಅಂಗಡಿ ಅಂಗಡಿ ಅಲೆಯುವುದು ದಂಡ.

ಆಮೇಲೆ ಬಂದು ಸೇರಿಕೊಂಡಿದ್ದನ್ನು ಮಾತ್ರ ಹುಡುಕಿ ತೆಗೆಯಬಹುದು. ಮೊದಲು ಅದು ಎಂಜಿನ್ನಿನದೋ ಚಕ್ರದ್ದೋ ಎಂದು ಬೇರ್ಪಡಿಸಿಕೊಳ್ಳಬೇಕು. ಅರವತ್ತರಲ್ಲಿ ಎಂಜಿನ್ ಸೆಕೆಂಡಿಗೆ ನೂರು ಸುತ್ತು ತಿರುಗಿದರೆ ಚಕ್ರ ತಿರುಗುವುದು ಒಂಬತ್ತೇ ಸುತ್ತು. ಎಂಜಿನ್ನಿನ ಅದುರು ದುಂಬಿ ಗುಂಯ್ ಅಂದ ಹಾಗೆ ಸಣ್ಣಗೆ ಕೈಗೆ ಏರುತ್ತದೆ, ಚಕ್ರದ್ದು ದಡದಡ ಎಂದು ಎಣಿಸಬಹುದೇನೋ ಅನ್ನುವಷ್ಟು ನಿಧಾನ. ಇವೆರಡರ ನಡುವೆ ಚೈನು ಇದೆ, ಅದರ ಮಾತು ಮುಂದೆ.

ಪರೀಕ್ಷೆಗೆ ವಾಹನ ಇಲ್ಲದ, ನೇರವಾದ ಸರ್ವಿಸ್ ರಸ್ತೆ ಸಾಕು. ಗಾಡಿ ಐದು ನಿಮಿಷ ಓಡಿ ಬಿಸಿಯಾಗಿರಲಿ, ಟೈರಿನಲ್ಲಿ ಗಾಳಿ ಸರಿಯಾಗಿರಲಿ. ನಾಲ್ಕನೇ ಗೇರಿನಲ್ಲಿ 50ಕ್ಕೆ ಹೋಗಿ ಅದುರು ಎಷ್ಟಿದೆ ನೋಡಿಕೊಳ್ಳಿ. ಹಿಂದೆ ಯಾರೂ ಇಲ್ಲವೆಂದು ಕನ್ನಡಿಯಲ್ಲಿ ಖಾತ್ರಿ ಮಾಡಿಕೊಂಡು ಆಕ್ಸಿಲರೇಟರ್ ಬಿಟ್ಟು ಕ್ಲಚ್ ಹಿಡಿದು ಗಾಡಿಯನ್ನು ತೇಲಲು ಬಿಡಿ. ಅದುರು ತಕ್ಷಣ ನಿಂತರೆ ತಪ್ಪು ಎಂಜಿನ್ನಿನ ಕಡೆ. ಹಾಗೇ ಮುಂದುವರಿದು ವೇಗದ ಜೊತೆ ಇಳಿದರೆ ಟೈರು, ರಿಮ್ಮು, ಬೇರಿಂಗು. ಮತ್ತೊಮ್ಮೆ ಅದೇ 50ರಲ್ಲಿ ಮೂರನೇ ಗೇರಿಗೆ ಹಾಕಿ ನೋಡಿ. ವೇಗ ಅದೇ ಇದ್ದು ಅದುರಿನ ಬಗೆ ಬದಲಾದರೆ ಎಂಜಿನ್ನು, ಬದಲಾಗದಿದ್ದರೆ ಚಕ್ರ. ಮೂರನೆಯದಾಗಿ, ಎಳೆತ ಕೊಟ್ಟಾಗ ಮಾತ್ರ ಅದುರಿ, ಅದೇ ವೇಗದಲ್ಲಿ ಹಗುರವಾಗಿ ಹಿಡಿದಾಗ ಅದುರದಿದ್ದರೆ ಎಂಜಿನ್ನನ್ನು ಚಾಸಿಗೆ ಹಿಡಿದಿಡುವ ಮೌಂಟಿಂಗ್ ಬೋಲ್ಟು, ಹಿಂದಿನ ಹಬ್ಬಿನ (ಚಕ್ರದ ನಡುಭಾಗದ) ರಬ್ಬರು, ಚೈನು ಇವುಗಳ ಮೇಲೆ ಅನುಮಾನ ಪಡಬೇಕು.

ನಮ್ಮ ಪ್ರಕಾರ ಮೊದಲು ಕೈ ಹಾಕಬೇಕಾದದ್ದು ಮೌಂಟಿಂಗ್ ಬೋಲ್ಟುಗಳಿಗೆ. ಈ ಗಾಡಿಗಳಲ್ಲಿ ಎಂಜಿನ್ನು ರಬ್ಬರಿಲ್ಲದೆ ನೇರವಾಗಿ ಚಾಸಿಗೆ ಬಿಗಿಯಾಗಿರುತ್ತದೆ, ಎಂಜಿನ್ನೇ ಚಾಸಿನ ಒಂದು ಭಾಗದ ಹಾಗೆ ಕೆಲಸ ಮಾಡುತ್ತದೆ. ಬೋಲ್ಟು ಬಿಗಿಯಾಗಿದ್ದಾಗ ಹೊರೆ ಹೊರುವುದು ಬೋಲ್ಟಿನ ಕಂಬಿಯಲ್ಲ. ಒಂದಕ್ಕೊಂದು ಒತ್ತಿ ಹಿಡಿದ ಪಟ್ಟಿಗಳ ನಡುವಿನ ಘರ್ಷಣೆ ಅದನ್ನು ಹೊರುತ್ತದೆ. ಬೋಲ್ಟು ಅರ್ಧ ಸುತ್ತು ಸಡಿಲವಾದರೆ ಆ ಹಿಡಿತ ಹೋಗಿ, ಸೆಕೆಂಡಿಗೆ ನೂರು ಸಲ ಬೋಲ್ಟು ರಂಧ್ರದ ಅಂಚಿಗೆ ಬಡಿಯುತ್ತದೆ. ಕೆಲವು ತಿಂಗಳಲ್ಲಿ ದುಂಡಗಿದ್ದ ರಂಧ್ರ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಆಮೇಲೆ ಎಷ್ಟು ಬಿಗಿದರೂ ನಿಲ್ಲುವುದಿಲ್ಲ. ಬ್ರ್ಯಾಕೆಟ್ಟಿನ ಬೆಸುಗೆಯ ಪಕ್ಕ ಪೇಂಟಿನಲ್ಲಿ ಕೂದಲೆಳೆಯಷ್ಟು ತುಕ್ಕಿನ ಗೆರೆ ಕಂಡರೆ ಅದು ಬಿರುಕಿನ ಶುರು. ಕೆಸರು ತೊಳೆದು, ಒಣಗಿಸಿ, ಟಾರ್ಚ್ ಹಿಡಿದು ನೋಡಿದರೆ ಮಾತ್ರ ಕಾಣುತ್ತದೆ.

ಬಿಗಿಯುವುದರಲ್ಲೂ ಕ್ರಮ ಇದೆ. ಗಾಡಿ ತಣ್ಣಗಿರಬೇಕು, ಸೆಂಟರ್ ಸ್ಟ್ಯಾಂಡ್ ಮೇಲಿರಬೇಕು, ಎಂಜಿನ್ ಕೆಳಗೆ ಜಾಕೋ ಮರದ ದಿಮ್ಮಿಯೋ ಒತ್ತು ಕೊಟ್ಟಿರಬೇಕು. ಮೊದಲು ಸೈಲೆನ್ಸರ್ ಬೆಂಡಿನ (ಎಂಜಿನ್ನಿಗೆ ಸೇರುವ ಬಾಗಿದ ಪೈಪಿನ) ಎರಡು ನಟ್ಟು, ಹಿಂದಿನ ಬ್ರ್ಯಾಕೆಟ್ ಬೋಲ್ಟು ಸಡಿಲಿಸಬೇಕು. ಇದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಆಗ ಸೈಲೆನ್ಸರ್ ಎಂಜಿನ್ನನ್ನು ಒಂದು ಕಡೆಗೆ ಎಳೆದುಕೊಂಡೇ ಇರುತ್ತದೆ, ಆ ಎಳೆತದಲ್ಲೇ ಬೋಲ್ಟು ಬಿಗಿದಂತಾಗುತ್ತದೆ. ನಂತರ ಮೌಂಟಿಂಗ್ ನಟ್ಟುಗಳನ್ನೆಲ್ಲ ಎರಡೆರಡು ಸುತ್ತು ಸಡಿಲಿಸಿ ಎಂಜಿನ್ನನ್ನು ಕೈಯಲ್ಲಿ ಅಲ್ಲಾಡಿಸಿ ಅದರ ಜಾಗಕ್ಕೆ ಕೂರಿಸಬೇಕು. ಎಲ್ಲವನ್ನೂ ಬೆರಳಿನಲ್ಲಿ ತಿರುಗಿಸಿ ತಾಗಿಸಿ, ಒಂದು ಸುತ್ತು ಅರ್ಧ ಬಿಗಿ, ಇನ್ನೊಂದು ಸುತ್ತು ಪೂರ್ತಿ ಬಿಗಿ. ಒಂದನ್ನೇ ಪೂರ್ತಿ ಬಿಗಿದು ಮುಂದಿನದಕ್ಕೆ ಹೋದರೆ ಕೊನೆಯ ಬೋಲ್ಟು ಚಾಸನ್ನೇ ಜಗ್ಗಿ ಕೂರಿಸುತ್ತದೆ. ಎಲ್ಲ ಆದ ಮೇಲೆ ಬೆಂಡಿನ ನಟ್ಟು, ಕಟ್ಟಕಡೆಗೆ ಸೈಲೆನ್ಸರಿನ ಹಿಂದಿನ ಬೋಲ್ಟು. ಬೆಂಡ್ ಬಿಚ್ಚಿದ್ದರೆ ಅದರ ರಿಂಗ್ ಗ್ಯಾಸ್ಕೆಟ್ ಹೊಸದು ಹಾಕಿ, ಒಮ್ಮೆ ಜಜ್ಜಿಹೋದ ಹಳೆಯದು ಮತ್ತೆ ಸೀಲ್ ಆಗುವುದಿಲ್ಲ. ನೈಲಾನ್ ಇರುವ ಲಾಕ್ ನಟ್ಟನ್ನೂ ಅಷ್ಟೇ, ಬಿಚ್ಚಿದ ಮೇಲೆ ಹೊಸದೇ ಹಾಕಬೇಕು. ಬೆರಳಿನಲ್ಲಿ ಕೊನೆಯವರೆಗೂ ಸಲೀಸಾಗಿ ತಿರುಗಿ ಹೋಗುವ ಲಾಕ್ ನಟ್ಟು ಹೆಸರಿಗಷ್ಟೇ ಲಾಕ್ ನಟ್ಟು.

ಎಷ್ಟು ಬಿಗಿಯಬೇಕು? 8 ಮಿ.ಮೀ. ಬೋಲ್ಟಿಗೆ ಸಾಮಾನ್ಯವಾಗಿ 20ರಿಂದ 30 ನ್ಯೂಟನ್ ಮೀಟರ್, 10 ಮಿ.ಮೀ. ಬೋಲ್ಟಿಗೆ 35ರಿಂದ 50. ನಿಖರವಾದ ಅಂಕಿ ಆಯಾ ಗಾಡಿಯ ಸರ್ವಿಸ್ ಪುಸ್ತಕದಲ್ಲಿರುತ್ತದೆ. ಲೆಕ್ಕ ಮನಸ್ಸಿಗೆ ಹತ್ತಬೇಕೆಂದರೆ, 25 ನ್ಯೂಟನ್ ಮೀಟರ್ ಎಂದರೆ 25 ಸೆಂ.ಮೀ. ಉದ್ದದ ಸ್ಪ್ಯಾನರಿನ ತುದಿಗೆ 10 ಕೆ.ಜಿ. ತೂಕ ಜೋತು ಬಿಟ್ಟಷ್ಟು. ಅದೇ ಸ್ಪ್ಯಾನರಿಗೆ ಪೈಪು ಸಿಕ್ಕಿಸಿ 60 ಸೆಂ.ಮೀ. ಮಾಡಿಕೊಂಡು 40 ಕೆ.ಜಿ. ಭಾರ ಹಾಕಿದರೆ ಹತ್ತು ಪಟ್ಟು ಹತ್ತಿರಕ್ಕೆ ಹೋಗುತ್ತದೆ. ಬೋಲ್ಟು ಅಷ್ಟೊತ್ತಿಗೆ ತುಂಡಾಗಿರುತ್ತದೆ. ಆಗದಿದ್ದರೆ ಇನ್ನೂ ಕೆಟ್ಟದ್ದು: ಎಳೆದುಕೊಂಡು ಉದ್ದವಾಗಿ, ಹೊರಗೆ ಬಿಗಿಯಾಗಿ ಕಂಡು, ಒಳಗೆ ಹಿಡಿತವಿಲ್ಲದೆ ಕೂತಿರುತ್ತದೆ. ಬಿಗಿದ ಮೇಲೆ ನೂರಿನ್ನೂರು ಕಿ.ಮೀ. ಓಡಿಸಿ ತಣ್ಣಗಿರುವಾಗ ಮತ್ತೊಮ್ಮೆ ನೋಡಿ.

ಕೆಲವರು ಎಂಜಿನ್ ಬ್ರ್ಯಾಕೆಟ್ ಸಂದಿಗೆ ಹಳೇ ಟ್ಯೂಬಿನ ತುಂಡು ಸೇರಿಸಿ ಬಿಗಿಯುತ್ತಾರೆ. ಎರಡು ದಿನ ಹಾಯಾಗಿರುತ್ತದೆ. ಆಮೇಲೆ ರಬ್ಬರು ಚಪ್ಪಟೆಯಾಗಿ ಬೋಲ್ಟು ಸಡಿಲ, ರಂಧ್ರ ಅಗಲ. ನೇರ ಬಿಗಿತಕ್ಕೆಂದೇ ಮಾಡಿದ ಜಾಗದಲ್ಲಿ ರಬ್ಬರ್ ಇಡಬಾರದು. ಬ್ರ್ಯಾಕೆಟ್ ಬೆಸುಗೆ ಹಾಕಿಸಬೇಕಾಗಿ ಬಂದರೆ ಬ್ಯಾಟರಿಯ ಎರಡೂ ವೈರು ಬಿಡಿಸಿ. 2020ರ ಏಪ್ರಿಲ್ ಆಚೆಗಿನ ಬಿಎಸ್-6 ಗಾಡಿಯಾದರೆ ಇಸಿಯು (ಎಂಜಿನ್ ನಡೆಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಕಪ್ಲರ್ ಕೂಡ ತೆಗೆಯಿಸಿ. ಇಲ್ಲದಿದ್ದರೆ ಅದುರು ಹೋಗಿ ಎಂಜಿನ್ನೇ ಸ್ಟಾರ್ಟ್ ಆಗದ ಸ್ಥಿತಿ ಬರಬಹುದು.

ಇನ್ನೊಂದು ಕಳ್ಳ ಲೆಗ್ ಗಾರ್ಡು. ಶೋರೂಮಿನಲ್ಲೋ ಹೊರಗೋ ಹಾಕಿಸುವ ಬಹಳಷ್ಟು ಲೆಗ್ ಗಾರ್ಡುಗಳು ಎಂಜಿನ್ನಿನ ಮುಂದಿನ ಮೌಂಟಿಂಗ್ ಬೋಲ್ಟನ್ನೇ ಆಸರೆ ಮಾಡಿಕೊಂಡಿರುತ್ತವೆ. ಕಂಪನಿ ಬೋಲ್ಟು ತೆಗೆದು ಉದ್ದನೆಯದು ಹಾಕಿ, ಗಾರ್ಡಿನ ಕಿವಿ ಸೇರಿಸಿ ಬಿಗಿಯುತ್ತಾರೆ. ಆ ಬೋಲ್ಟು ಕಂಪನಿಯದರಷ್ಟು ಗಟ್ಟಿಯಿರುವುದು ಅಪರೂಪ. ಗಾರ್ಡಿನ ಅಳತೆ ಕೊಂಚ ಹೆಚ್ಚುಕಡಿಮೆಯಾದರೆ ಚಾಸಿನ ಕೊಳವೆಯನ್ನು ಸದಾ ತಿರುಚಿ ಹಿಡಿದಿರುತ್ತದೆ. ಮೇಲಾಗಿ, ಆ ಉದ್ದನೆಯ ಪೈಪು ಒಂದು ವೇಗಕ್ಕೆ ತಾನೇ ತಂಬೂರಿ ತಂತಿಯ ಹಾಗೆ ಮಿಡಿಯುತ್ತದೆ. ಅದುರಿನ ದೂರಿದ್ದವರು ಖರ್ಚಿಲ್ಲದೆ ಮಾಡಬಹುದಾದ ಪರೀಕ್ಷೆ ಇದೇ: ಗಾರ್ಡು ಪೂರ್ತಿ ಬಿಚ್ಚಿ, ಮೂಲ ಅಳತೆಯ ಬೋಲ್ಟು ಹಾಕಿ ಬಿಗಿದು, ಒಂದು ದಿನ ಓಡಿಸಿ ನೋಡಿ.

ನಮ್ಮ ಜಿಲ್ಲೆಯಲ್ಲಿ ಬೈಕು ಎಂದರೆ ಆಳು ಹೊರುವ ಗಾಡಿ ಮಾತ್ರ ಅಲ್ಲ. ಬೆಳಗ್ಗೆ ಡೇರಿಗೆ ಹಾಲು, ಆಮೇಲೆ ಮಂಡಿಗೆ ಟೊಮೆಟೊ, ಸಂಜೆ ಹಸುವಿಗೆ ಮೇವು. 20 ಲೀಟರ್ ಹಾಲು ಎಂದರೆ ಕ್ಯಾನಿನ ತೂಕ ಬಿಟ್ಟು 20 ಕೆ.ಜಿ.ಗಿಂತ ತುಸು ಹೆಚ್ಚು. ಟೊಮೆಟೊ ಬಾಕ್ಸು 15 ಕೆ.ಜಿ., ಐದು ಕಟ್ಟಿದರೆ 75. ಈ ತೂಕವೆಲ್ಲ ಹಿಂದಿನ ಚಕ್ರದ ಅಚ್ಚಿಗಿಂತ ಹಿಂದಕ್ಕೆ ಜೋತರೆ ಮುಂದಿನ ಚಕ್ರ ಹಗುರವಾಗಿ ಹ್ಯಾಂಡಲ್ ನಡುಗುತ್ತದೆ. ಅದು ಎಂಜಿನ್ನಿನ ಅದುರಲ್ಲ, ಹೊರೆ ಕಟ್ಟಿದ ರೀತಿಯ ಅದುರು. ಕ್ಯಾನಿನ ಕಬ್ಬಿಣದ ಸ್ಟ್ಯಾಂಡು ಹಿಂದಿನ ಶಾಕ್ ಅಬ್ಸಾರ್ಬರಿನ ಮೇಲಿನ ನಟ್ಟಿಗೇ ಸಿಕ್ಕಿಸಿರುತ್ತಾರೆ. ಆ ನಟ್ಟು ವಾರಕ್ಕೊಮ್ಮೆ ನೋಡಲೇಬೇಕು. ಎರಡೂ ಕಡೆ ಸಮ ತೂಕವಿರಲಿ, ಸ್ಟ್ಯಾಂಡಿನ ಕ್ಲಾಂಪು ಚಾಸಿಗೆ ತಾಗುವಲ್ಲಿ ಹಳೇ ಟ್ಯೂಬು ಸುತ್ತಿ. ಇಲ್ಲಿ ರಬ್ಬರ್ ಹಾಕಬಹುದು, ಇದು ಎಂಜಿನ್ ಮೌಂಟಿಂಗ್ ಅಲ್ಲ. ಖಾಲಿ ಕ್ಯಾನು ವಾಪಸು ತರುವಾಗ ಬಡಬಡ ಸದ್ದು ಬರುವುದು ಗಾಡಿಯದಲ್ಲ, ಕ್ಯಾನಿನದೇ. ಅದಕ್ಕೆ ಒಂದು ಹಗ್ಗ ಸಾಕು.

ಟೈರಿನ ಗಾಳಿ ಮುಂದೆ 25 ಪಿಎಸ್‌ಐ, ಒಬ್ಬರೇ ಹೋಗುವುದಾದರೆ ಹಿಂದೆ 28ರ ಆಸುಪಾಸು. ಇಬ್ಬರಿಗೆ ಅಥವಾ ಹೊರೆಗೆ ಎಷ್ಟು ಎಂಬುದು ಗಾಡಿಗೇ ಅಂಟಿಸಿದ ಸ್ಟಿಕರ್ ಮೇಲಿರುತ್ತದೆ, ಅದನ್ನೇ ಹಿಡಿಸಿ. ಒಬ್ಬರೇ ಓಡಿಸುವಾಗಲೂ ನಲವತ್ತು ಹಿಡಿಸಿಕೊಂಡು ಕಲ್ಲಿನಂತಾದ ಟೈರಿನಲ್ಲಿ ಕೂತು ಎಂಜಿನ್ನನ್ನು ಬೈಯುವವರಿದ್ದಾರೆ.

ಇನ್ನು ಚೈನು. ಇದರ ಅದುರನ್ನು ಗುರುತಿಸುವುದು ಸುಲಭ, ‘ಗುಕ್ ಗುಕ್’ ಎಂದು ಬಿಟ್ಟು ಬಿಟ್ಟು ಬರುತ್ತದೆ. ಚೈನಿನ ಒಂದೆರಡು ಕೊಂಡಿ ತುಕ್ಕಿಗೆ ಸಿಕ್ಕಿ ಬಿಗಿಯಾಗಿದ್ದರೆ ಅರವತ್ತರ ವೇಗದಲ್ಲಿ ಸೆಕೆಂಡಿಗೆ ಮೂರು ನಾಲ್ಕು ಸಲ, ಮೂವತ್ತರಲ್ಲಿ ಅದರ ಅರ್ಧದಷ್ಟು ಸಲ ಆ ಬಿಗಿ ಜಾಗ ಸ್ಪ್ರಾಕೆಟ್ (ಚೈನು ಕೂರುವ ಹಲ್ಲಿನ ಚಕ್ರ) ಮೇಲೆ ಹಾದುಹೋಗುತ್ತದೆ. ಚೈನ್ ಕವರಿನ ರಬ್ಬರ್ ಬಿರಡೆ ತೆಗೆದು ಬೆರಳಿನಲ್ಲಿ ಮೇಲೆ ಕೆಳಗೆ ಆಡಿಸಿ, ಒಟ್ಟು 20ರಿಂದ 30 ಮಿ.ಮೀ. ಆಟ ಇರಬೇಕು. ಒಂದೇ ಕಡೆ ನೋಡಿ ಬಿಡಬೇಡಿ, ಚಕ್ರ ಕಾಲು ಭಾಗ ತಿರುಗಿಸಿ ನಾಲ್ಕು ಸಲ ನೋಡಿ. ಒಂದು ಕಡೆ 20, ಇನ್ನೊಂದು ಕಡೆ 40 ಬಂದರೆ ಚೈನಿನ ಆಯುಸ್ಸು ಮುಗಿದಿದೆ, ಇನ್ನು ಹೊಂದಿಸಿ ಪ್ರಯೋಜನವಿಲ್ಲ. ಹಿಂದಿನ ಸ್ಪ್ರಾಕೆಟ್ಟಿನ ಹಿಂಬದಿಯಲ್ಲಿ ಚೈನನ್ನು ಹಿಡಿದೆಳೆದಾಗ ಅರ್ಧ ಹಲ್ಲು ಹೊರಗೆ ಕಂಡರೂ ಅದೇ ತೀರ್ಪು. ಚೈನು, ಎರಡು ಸ್ಪ್ರಾಕೆಟ್ಟು ಮೂರನ್ನೂ ಒಟ್ಟಿಗೇ ಬದಲಿಸಬೇಕು. ಸವೆದ ಹಲ್ಲಿನ ಮೇಲೆ ಹೊಸ ಚೈನು ಬೇಗ ಹಾಳಾಗುತ್ತದೆ. ಸದ್ದು ಬರುತ್ತದೆಂದು ಆಟವೇ ಇಲ್ಲದಂತೆ ಎಳೆದು ಬಿಗಿಯುವುದು ಸಡಿಲ ಬಿಡುವುದಕ್ಕಿಂತ ಕೆಟ್ಟದ್ದು. ಹೊರೆ ಬಿದ್ದು ಹಿಂಚಕ್ರ ಮೇಲೇರಿದಾಗ ಚೈನು ಇನ್ನೂ ಬಿಗಿಯುತ್ತದೆ, ಗೇರ್‌ಬಾಕ್ಸಿನ ಬೇರಿಂಗ್ ಅದನ್ನು ತಡೆಯುವುದಿಲ್ಲ. ಐನೂರು, ಆರುನೂರು ಕಿ.ಮೀ.ಗೊಮ್ಮೆ ಸೀಮೆಎಣ್ಣೆಯಲ್ಲೋ ಡೀಸೆಲಿನಲ್ಲೋ ಒರೆಸಿ, ಒಣಗಿಸಿ, 90 ನಂಬರ್ ಗೇರ್ ಆಯಿಲ್ ಬಿಡಿ, ಹೆಚ್ಚಾದ ಎಣ್ಣೆ ಒರೆಸಿ. ಸುಟ್ಟ ಎಂಜಿನ್ ಆಯಿಲ್ ಬೇಡ, ಅದರಲ್ಲಿ ಸವೆದ ಲೋಹದ ಪುಡಿ ಇರುತ್ತದೆ.

ಚೈನ್ ಎಲ್ಲ ಸರಿಯಿದ್ದೂ ಗೇರ್ ಹಾಕಿ ಬಿಟ್ಟಾಗ, ಆಕ್ಸಿಲರೇಟರ್ ಕೊಟ್ಟು ಬಿಟ್ಟಾಗ ‘ಟಕ್’ ಎಂದು ಜರ್ಕ್ ಹೊಡೆದರೆ ಹಿಂದಿನ ಹಬ್ಬಿನೊಳಗಿನ ಕಪ್ಲಿಂಗ್ ರಬ್ಬರು ಸವೆದಿದೆ. ಚಕ್ರ ಗಟ್ಟಿಯಾಗಿ ಹಿಡಿದು ಸ್ಪ್ರಾಕೆಟ್ಟನ್ನು ಹಿಂದೆ ಮುಂದೆ ಆಡಿಸಿದರೆ ತಿಳಿಯುತ್ತದೆ. ಸಂದಿಗೆ ಟ್ಯೂಬಿನ ಪಟ್ಟಿ ತುರುಕುವ ಬದಲು ಹೊಸ ರಬ್ಬರ್ ಸೆಟ್ ಹಾಕಿಸಿ, ದುಬಾರಿಯೇನಲ್ಲ.

ಎಂಜಿನ್ನಿನ ಹೊರಗಿನಿಂದಲೇ ಮಾಡುವ ಸಣ್ಣ ಹೊಂದಾಣಿಕೆಗಳು ಎಲ್ಲರಿಗೂ ಗೊತ್ತಿರುವಂಥವು, ಬೇಗ ಹೇಳಿ ಮುಗಿಸುತ್ತೇವೆ. ಮೈಲೇಜಿನ ಆಸೆಗೆ ಐಡಲ್ (ಗಾಡಿ ನಿಂತಾಗ ಎಂಜಿನ್ ತಿರುಗುವ ವೇಗ) ಇಳಿಸಬೇಡಿ. ಈ ಗಾಡಿಗಳಿಗೆ ನಿಮಿಷಕ್ಕೆ 1400 ಸುತ್ತಿನ ಆಸುಪಾಸು ಬೇಕು. ಸಾವಿರಕ್ಕಿಳಿಸಿದರೆ ಸಿಗ್ನಲ್ಲಿನಲ್ಲಿ ನಿಂತ ಗಾಡಿ ಚಳಿಜ್ವರ ಬಂದವರಂತೆ ನಡುಗುತ್ತದೆ, ಎಣ್ಣೆಯೂ ಮೇಲಕ್ಕೆ ಸರಿಯಾಗಿ ಏರುವುದಿಲ್ಲ. ಕಂದು ಬಣ್ಣದ, ಎಣ್ಣೆ ಹಚ್ಚಿದ ಕಾಗದದ ಏರ್ ಫಿಲ್ಟರನ್ನು ಗಾಳಿ ಹೊಡೆದು ಮತ್ತೆ ಹಾಕುವಂತಿಲ್ಲ, ಬದಲಿಸಬೇಕು. ಎಂಜಿನ್ ಆಯಿಲ್ ಪುಸ್ತಕದಲ್ಲಿ ಹೇಳಿದ ದಪ್ಪದ್ದೇ ಇರಲಿ. 10ಡಬ್ಲ್ಯೂ-30 ಎಂದಿದ್ದರೆ ಅದೇ, 20ಡಬ್ಲ್ಯೂ-50 ಎಂದಿದ್ದರೆ ಅದೇ. ಡಬ್ಬಿ ಮೇಲೆ ಜಾಸೋ ಎಂಎ ಅಥವಾ ಎಂಎ2 (ಬೈಕಿನ ಆಯಿಲ್ಲಿನ ಗುರುತು) ಎಂದು ಇದೆಯೇ ನೋಡಿ. ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರಬಹುದು.

ಟ್ಯಾಪೆಟ್, ಅಂದರೆ ವಾಲ್ವಿನ ಮೇಲಿನ ಸಂದಿಯ ವಿಷಯಕ್ಕೆ ಮಾತ್ರ ಎರಡು ಮಾತು ಹೆಚ್ಚು ಬೇಕು. ಎಂಜಿನ್ ರಾತ್ರಿಯಿಡೀ ನಿಂತು ಪೂರ್ತಿ ತಣ್ಣಗಾಗಿರಬೇಕು. ಎಡಗಡೆ ಕವರಿನ ಎರಡು ಮುಚ್ಚಳ, ಹೆಡ್ಡಿನ ಎರಡು ಟ್ಯಾಪೆಟ್ ಮುಚ್ಚಳ ತೆಗೆದು, ಮ್ಯಾಗ್ನೆಟ್ಟಿನ ನಟ್ಟನ್ನು ಎಂಜಿನ್ ತಿರುಗುವ ದಿಕ್ಕಿಗೇ ತಿರುಗಿಸುತ್ತಾ ‘ಟಿ’ ಗುರುತನ್ನು ಗೆರೆಗೆ ತರಬೇಕು. ಎರಡೂ ರಾಕರ್ (ವಾಲ್ವನ್ನು ಒತ್ತುವ ಸನ್ನೆ) ಬೆರಳಿಗೆ ಸ್ವಲ್ಪ ಆಡಿದರೆ ಸರಿಯಾದ ಜಾಗ. ಆಡದಿದ್ದರೆ ಇನ್ನೊಂದು ಪೂರ್ತಿ ಸುತ್ತು. ಸಂದಿಗೆ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ಇಡಬೇಕು. ಗಾಡಿಗೆ ತಕ್ಕಂತೆ ಅಳತೆ ಮಿಲಿಮೀಟರಿನ ನೂರರಲ್ಲಿ ಐದರಿಂದ ಹತ್ತು ಪಾಲಿನ ಆಸುಪಾಸು. ಗೇಜ್ ತುಸು ತಡೆಯುತ್ತಾ ಜಾರಬೇಕು. ಲಾಕ್ ನಟ್ಟು ಬಿಗಿದ ಮೇಲೆ ಮತ್ತೆ ಅಳೆಯಿರಿ, ಬಿಗಿಯುವಾಗ ಅದು ಬದಲಾಗುತ್ತದೆ. ‘ಟಿಕ್ ಟಿಕ್ ಸದ್ದು ಇರಕೂಡದು’ ಎಂದು ಹಟ ಹಿಡಿಯುವ ಗಿರಾಕಿಗಳಿಗಾಗಿ ಕಿವಿಯಂದಾಜಿನಲ್ಲಿ ಬಿಗಿ ಮಾಡಿಕೊಡುವುದುಂಟು. ಸದ್ದು ನಿಲ್ಲುತ್ತದೆ, ಜೊತೆಗೆ ಬಿಸಿಯಾದಾಗ ವಾಲ್ವ್ ಪೂರ್ತಿ ಮುಚ್ಚದೆ ಕಂಪ್ರೆಶನ್ ಸೋರಿ, ಎಳೆತ ಹೋಗಿ, ಕೊನೆಗೆ ಎಗ್ಸಾಸ್ಟ್ ವಾಲ್ವ್ ಸುಡುತ್ತದೆ. ಸಣ್ಣ ಟಿಕ್ ಟಿಕ್ ಇರುವ ಟ್ಯಾಪೆಟ್ಟಿಗೆ ಹೆದರಬೇಕಿಲ್ಲ.

ಇಷ್ಟೆಲ್ಲ ನೋಡಿಯೂ ಅದುರು ಉಳಿದರೆ, ಅದರಲ್ಲೂ ಎಂಜಿನ್ ಕೆಲಸ ಮಾಡಿಸಿಕೊಂಡ ಮೇಲೆಯೇ ಶುರುವಾಗಿದ್ದರೆ, ನೋಡಬೇಕಾದದ್ದು ಕ್ರ್ಯಾಂಕು. ಇಲ್ಲಿ ಗಿರಾಕಿಗಳಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಈ ಗಾಡಿಗಳ ಕ್ರ್ಯಾಂಕು ಒಂದೇ ತುಂಡಲ್ಲ. ಎರಡು ಭಾರಿ ಬಿಲ್ಲೆಗಳ ನಡುವೆ ಒಂದು ಪಿನ್ನನ್ನು ಪ್ರೆಸ್ಸಿನಲ್ಲಿ ಒತ್ತಿ ಕೂರಿಸಿರುತ್ತಾರೆ. ಕನೆಕ್ಟಿಂಗ್ ರಾಡ್ ಕಿಟ್ ಹಾಕುವಾಗ ಅದನ್ನು ಬಿಡಿಸಿ, ಹೊಸ ಪಿನ್ನು, ರಾಡು, ಬೇರಿಂಗು ಸೇರಿಸಿ ಮತ್ತೆ ಒತ್ತಬೇಕು. ಒತ್ತಿದ ಮೇಲೆ ಎರಡು ಬಿಲ್ಲೆಗಳ ಶಾಫ್ಟು ಒಂದೇ ಗೆರೆಯಲ್ಲಿ ಇರಬೇಕು. ಲೇತಿನಲ್ಲೋ ವಿ-ಬ್ಲಾಕಿನ ಮೇಲೋ ಕೂರಿಸಿ, ಎರಡೂ ತುದಿಗೆ ಡಯಲ್ ಗೇಜ್ ಹಿಡಿದು ತಿರುಗಿಸಿದಾಗ ಮುಳ್ಳು ಎಷ್ಟು ಆಡುತ್ತದೆ ನೋಡಿ, ತಾಮ್ರದ ಸುತ್ತಿಗೆಯಲ್ಲಿ ತಟ್ಟಿ ಸರಿಮಾಡುತ್ತಾರೆ. ಮಿಲಿಮೀಟರಿನ ನೂರರಲ್ಲಿ ಎರಡು ಮೂರು ಪಾಲಿಗೆ ತಂದರೆ ಒಳ್ಳೆಯ ಕೆಲಸ. ನೂರರಲ್ಲಿ ಹತ್ತು ಪಾಲು ಆಡಿದರೆ ಆ ಎಂಜಿನ್ನಿಗೆ ನೀವು ಏನು ಹಾಕಿದರೂ ಅದುರು ಹೋಗುವುದಿಲ್ಲ, ಬೇರಿಂಗೂ ಬೇಗ ಹೋಗುತ್ತದೆ. ಒತ್ತಿ ಕಣ್ಣಳತೆಯಲ್ಲೇ ಕೊಟ್ಟುಬಿಡುವ ಅಂಗಡಿಗಳಿವೆ. ಕ್ರ್ಯಾಂಕ್ ಕೆಲಸ ಮಾಡಿಸುವವರು ‘ಡಯಲ್ ಎಷ್ಟು ತೋರಿಸಿತು, ಎರಡೂ ತುದಿಯದು ಬರೆದುಕೊಡಿ’ ಎಂದು ಕೇಳಬೇಕು. ಕೇಳುವ ಗಿರಾಕಿ ಇದ್ದರೆ ಗೇಜ್ ತಾನಾಗಿ ಪೆಟ್ಟಿಗೆಯಿಂದ ಹೊರಗೆ ಬರುತ್ತದೆ.

ರೀಬೋರ್ (ಸವೆದ ಸಿಲಿಂಡರನ್ನು ಕೊರೆದು ಅಗಲ ಮಾಡುವುದು) ಮಾಡಿಸಿದಾಗಲೂ ಇಂಥದ್ದೇ ಒಂದು ತೊಡಕು. ಓವರ್‌ಸೈಜ್ ಪಿಸ್ಟನ್‌ಗಳು 0.25, 0.50, 0.75, 1.00 ಮಿ.ಮೀ. ಹೆಚ್ಚಿನ ಅಳತೆಗಳಲ್ಲಿ ಬರುತ್ತವೆ. ಅಗ್ಗದ ಕಿಟ್ಟಿನ ಪಿಸ್ಟನ್ನು ಹತ್ತು ಗ್ರಾಂ ಭಾರವಿದ್ದರೂ, ಮೇಲೆ ಹೇಳಿದ ಲೆಕ್ಕದಂತೆ ಅರವತ್ತರ ವೇಗದಲ್ಲಿ ಹತ್ತು ಕೆ.ಜಿ.ಯಷ್ಟು ಹೆಚ್ಚಿನ ಏಟು. ಕ್ರ್ಯಾಂಕಿನ ಎದುರು ತೂಕ ಹಳೆಯ ಪಿಸ್ಟನ್ನಿಗೆ ಹೊಂದಿಸಿದ್ದು, ಹೊಸದರ ತೂಕ ಅದಕ್ಕೆ ಗೊತ್ತಿಲ್ಲ. ಅಕ್ಕಸಾಲಿಗರ ತಕ್ಕಡಿಯೇನೂ ಬೇಡ, ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಹಳೆಯದು, ಹೊಸದು ಎರಡನ್ನೂ ಇಟ್ಟು ನೋಡಿದರೆ ಸಾಕು.

ಹುಟ್ಟಿನ ಅದುರನ್ನು ತೆಗೆಯಲಾಗದಿದ್ದರೂ ಕೈಗೆ ಮುಟ್ಟದಂತೆ ತಗ್ಗಿಸಬಹುದು. ಹ್ಯಾಂಡಲ್ ತುದಿಗೆ ಕಂಪನಿ ಇಡುವ ಕಬ್ಬಿಣದ ಗುಂಡಿಗಳು ಅಲಂಕಾರಕ್ಕಲ್ಲ. ಹ್ಯಾಂಡಲ್ ಪೈಪು ತಾನೇ ಮಿಡಿಯುವ ವೇಗವನ್ನು ಎಂಜಿನ್ನಿನ ರೂಢಿಯ ವೇಗದಿಂದ ಆಚೆ ಸರಿಸಲು ಇಟ್ಟ ತೂಕ ಅದು. ಹೊಸ ಗ್ರಿಪ್ ಹಾಕುವಾಗ ಅದನ್ನು ಬಿಸಾಡಿ ಪ್ಲಾಸ್ಟಿಕ್ ಮುಚ್ಚಳ ಹಾಕುವುದನ್ನು ನಿಲ್ಲಿಸಬೇಕು. ಕಾಲಿಡುವ ಫುಟ್‌ರೆಸ್ಟ್ ರಬ್ಬರು, ಟ್ಯಾಂಕಿನ ಕೆಳಗಿನ ರಬ್ಬರು, ಸೈಡ್ ಕವರಿನ ರಬ್ಬರ್ ಗುಂಡಿ ಇವು ಗಟ್ಟಿಯಾಗಿ ಒಡೆದಿದ್ದರೆ ಬದಲಿಸಿ. ಹ್ಯಾಂಡಲ್ ಎಷ್ಟು ಬಿಗಿಯಾಗಿ ಹಿಡಿಯುತ್ತೀರೋ ಅದುರು ಅಷ್ಟೂ ಕೈಗೇರುತ್ತದೆ. ಮೊಣಕೈ ಸ್ವಲ್ಪ ಮಡಿಸಿ, ಬೆರಳು ಸಡಿಲ ಹಿಡಿದು ಓಡಿಸುವವರಿಗೆ ಜೋಮು ಕಡಿಮೆ. ಯುರೋಪಿನಲ್ಲಿ 2002ರ ಒಂದು ನಿರ್ದೇಶನ ಯಂತ್ರ ಹಿಡಿದು ದುಡಿಯುವ ಕೈಗಳಿಗೆ ಎಂಟು ಗಂಟೆಯ ಲೆಕ್ಕದಲ್ಲಿ ಅದುರಿನ ಮಿತಿಯನ್ನೇ ಗೊತ್ತುಮಾಡಿದೆ. ಕೈಗೆ ಅದುರು ಹಾನಿ ಮಾಡುತ್ತದೆ ಎಂಬುದು ಕಾನೂನು ಒಪ್ಪಿಕೊಂಡ ವಿಷಯ. ಗಾಡಿ ಇಳಿದು ಅರ್ಧ ಗಂಟೆಯಾದರೂ ಜೋಮು ಬಿಡದಿದ್ದರೆ, ರಾತ್ರಿ ಬೆರಳು ಮರಗಟ್ಟಿ ಎಚ್ಚರವಾದರೆ ಮೆಕ್ಯಾನಿಕ್ಕಿನ ಬಳಿ ಅಲ್ಲ, ಡಾಕ್ಟರ ಬಳಿ ಹೋಗಿ.

ಓಡಿಸುವ ರೀತಿಯಲ್ಲಿ ಒಂದೇ ಮಾತು: ಹಂಪ್ ಇಳಿದು ಇಪ್ಪತ್ತರ ವೇಗದಲ್ಲಿ ನಾಲ್ಕನೇ ಗೇರಿನಲ್ಲೇ ಎಳೆಸಬೇಡಿ. ಅದು ಮೈಲೇಜ್ ಕೊಡುವುದಿಲ್ಲ, ಚೈನಿಗೂ ಕ್ರ್ಯಾಂಕಿಗೂ ಸುತ್ತಿಗೆ ಏಟು ಕೊಡುತ್ತದೆ. ಹಂಪುಗಳ ಮಾತು ಬಂದಿದ್ದಕ್ಕೆ ಹೇಳುತ್ತೇವೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದಂತೆ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇದ್ದು 25 ಕಿ.ಮೀ. ವೇಗದಲ್ಲಿ ಸಲೀಸಾಗಿ ದಾಟುವಂತಿರಬೇಕು. ನಮ್ಮ ಹಳ್ಳಿ ರಸ್ತೆಗಳಲ್ಲಿ ಊರವರೇ ಕಲ್ಲು, ಸಿಮೆಂಟು ಹಾಕಿ ಕಟ್ಟಿದ ದಿಣ್ಣೆಗಳು ಎಂಜಿನ್ ಬೋಲ್ಟು ಸಡಿಲಿಸುವ ಯಂತ್ರಗಳಂತಿವೆ.

ನಮ್ಮ ಕೋರಿಕೆ ಇಷ್ಟು. ನರಸಾಪುರದಲ್ಲಿ 2013ರಿಂದ ಹೋಂಡಾ ಕಾರ್ಖಾನೆ ಇದೆ, ನಮ್ಮ ಜಿಲ್ಲೆಯಲ್ಲೇ ಗಾಡಿಗಳು ತಯಾರಾಗುತ್ತವೆ. ಕಾರ್ಖಾನೆಯೊಳಗೆ ಅಳತೆಗೆ ಬಿಗಿದ ಬೋಲ್ಟು ಹೊರಗೆ ಬಂದ ಮೊದಲ ಸರ್ವಿಸ್ಸಿನಿಂದಲೇ ಕೈಯಂದಾಜಿಗೆ ಬೀಳುತ್ತದೆ. ಎಲ್ಲ ಕಂಪನಿಗಳೂ ಗಾಡಿಯ ಜೊತೆ ಕೊಡುವ ಪುಸ್ತಕದಲ್ಲಿ ಎಂಜಿನ್ ಮೌಂಟಿಂಗ್, ಚಕ್ರದ ಅಚ್ಚು, ಹ್ಯಾಂಡಲ್ ಬೋಲ್ಟುಗಳ ಬಿಗಿ ಅಳತೆಯನ್ನೂ ಟ್ಯಾಪೆಟ್ ಅಳತೆಯನ್ನೂ ಒಂದು ಪುಟದಲ್ಲಿ ಕನ್ನಡದಲ್ಲಿ ಅಚ್ಚು ಹಾಕಬೇಕು. ಐಟಿಐಗಳಲ್ಲಿ ಟಾರ್ಕ್ ರೆಂಚ್ (ಎಷ್ಟು ಬಿಗಿಯಾಯಿತೆಂದು ಅಳೆಯುವ ಸಲಕರಣೆ) ಗಾಜಿನ ಬೀರುವಿನಲ್ಲಿ ಇಡುವ ವಸ್ತುವಾಗದೆ ಪ್ರತಿ ಹುಡುಗನ ಕೈಗೂ ಬರಬೇಕು. ನಮ್ಮ ಕಸುಬಿನವರಿಗೂ ಒಂದು ಮಾತು: ಒಬ್ಬೊಬ್ಬರಿಗೆ ಹೊರೆಯಾದರೆ ಅಕ್ಕಪಕ್ಕದ ಮೂರು ನಾಲ್ಕು ಅಂಗಡಿಯವರು ಸೇರಿ ಒಂದು ಟಾರ್ಕ್ ರೆಂಚ್ ಇಟ್ಟುಕೊಳ್ಳಬಹುದು. ಕೆಲಸ ಮುಗಿದ ಮೇಲೆ ಅದರ ಸ್ಪ್ರಿಂಗ್ ಸಡಿಲಿಸಿ ಇಡಿ, ಸ್ಪ್ಯಾನರಿನಂತೆ ಬೋಲ್ಟು ಬಿಚ್ಚಲು ಬಳಸಬೇಡಿ, ಅಳತೆ ತಪ್ಪುತ್ತದೆ.

ಗಾಡಿ ಮಾಲೀಕರು ಸರ್ವಿಸ್ಸಿಗೆ ಬಿಡುವಾಗ ಜಾಬ್ ಕಾರ್ಡಿನಲ್ಲಿ ‘ವೈಬ್ರೇಶನ್’ ಎಂದು ಒಂದೇ ಪದ ಬರೆಸಿ ಬರಬೇಡಿ. ಯಾವ ಗೇರಿನಲ್ಲಿ, ಎಷ್ಟು ವೇಗಕ್ಕೆ ಶುರುವಾಗಿ ಎಷ್ಟಕ್ಕೆ ನಿಲ್ಲುತ್ತದೆ, ಕೈಗೋ ಕಾಲಿಗೋ ಸೀಟಿಗೋ, ಕ್ಲಚ್ ಹಿಡಿದರೆ ಹೋಗುತ್ತದೋ ಇಲ್ಲವೋ, ಇಷ್ಟನ್ನು ಬರೆಸಿ.

ಇಂತಿ,
ದ್ವಿಚಕ್ರ ವಾಹನ ದುರಸ್ತಿಗಾರರು,
ಕೋಲಾರ